ಬಾನೆಟ್ಟಿನ ಮೇಲಿನ ಸುಣ್ಣ

ಶಿರಾ ದಾಟಿದ ಮೇಲೆ ಸಂಜೆ ಐದೂವರೆಯ ಬಿಸಿಲು ಮುಖಕ್ಕೇ ಬೀಳುತ್ತದೆ. ಹಿರಿಯೂರಿಗೆ ಇನ್ನು ಸುಮಾರು 40 ಕಿಲೋಮೀಟರು. ಅಲ್ಲಿಯವರೆಗೆ ಚೆನ್ನಾಗಿಯೇ ಕಾಣುತ್ತಿದ್ದ ರಸ್ತೆ, ಸೂರ್ಯ ಕೆಳಗಿಳಿದು ಗಾಜಿಗೆ ಎದುರಾದ ಕೂಡಲೇ ಮಾಯವಾಯಿತು. ಮುಂದಿನ ಗಾಜಿನ ತುಂಬ ಲೆಕ್ಕವಿಲ್ಲದಷ್ಟು ಚುಕ್ಕೆಗಳು ಒಮ್ಮೆಗೇ ಹೊತ್ತಿಕೊಂಡವು. ಹಗಲೆಲ್ಲ ಕಣ್ಣಿಗೆ ಬೀಳದಿದ್ದ ಸಣ್ಣ ಸಣ್ಣ ಉಂಗುರಗಳು, ಹನಿ ಜಾರಿಹೋದ ಗೆರೆಗಳು, ಎಡಗಡೆಯ ಬೆರಳಗಲದ ಬಿಳಿ ಮಚ್ಚೆಗಳು, ಎಲ್ಲವೂ ತಮ್ಮದೇ ಬೆಳಕು ಹಿಡಿದು ನಿಂತವು. ಅವುಗಳ ಆಚೆ ಎಲ್ಲೋ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಅದರ ಹಿಂದಿನ ದೀಪ ಉರಿಯುತ್ತಿರಲಿಲ್ಲ. ಅದು ನನಗೆ ಕಂಡದ್ದು ತೀರ ಹತ್ತಿರ ಹೋದ ಮೇಲೆ.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ವೈಪರಿನ ನೀರು ಹಾರಿಸಿದೆ, ಬಟ್ಟೆ ತೆಗೆದು ಒರೆಸಿದೆ, ಉಗುರಿನಲ್ಲಿ ಕೆರೆದೆ. ಒದ್ದೆ ಇರುವಷ್ಟು ಹೊತ್ತು ಗಾಜು ತಿಳಿಯಾಗಿರುತ್ತಿತ್ತು. ಒಣಗುತ್ತಿದ್ದ ಹಾಗೆ ಎಲ್ಲ ಚುಕ್ಕೆಗಳೂ ತಮ್ಮ ತಮ್ಮ ಜಾಗಕ್ಕೆ ವಾಪಸು ಬಂದು ಕೂರುತ್ತಿದ್ದವು. ಕತ್ತಲಾದ ಮೇಲೆ ಇನ್ನೂ ಕಷ್ಟವಾಯಿತು. ಆಚೆ ಬದಿಯಲ್ಲಿ ಬರುವ ಒಂದೊಂದು ಲಾರಿಯ ದೀಪವೂ ಗಾಜಿನ ಮೇಲೆ ಒಡೆದು ನೂರಾಗುತ್ತಿತ್ತು. ಆ ದಾರಿಯನ್ನು ಅಷ್ಟು ನಿಧಾನವಾಗಿ, ಅಷ್ಟು ಹೆದರಿ ನಾನು ಎಂದೂ ಓಡಿಸಿರಲಿಲ್ಲ.

ಅಲ್ಲಿಯವರೆಗೆ ನೀರಿನ ಕಲೆ ಎಂದರೆ ಅಂದದ ವಿಷಯ ಎಂದುಕೊಂಡಿದ್ದೆ. ನನ್ನದು ಗಾಢ ನೀಲಿ ಬಣ್ಣದ ಕಾರು. ಬಿಳಿ ಕಾರಿನ ಮೇಲೆ ಬಿಳಿ ಕಲೆ ಅಡಗಿಕೊಳ್ಳುತ್ತದೆ. ನೀಲಿ, ಕಪ್ಪು, ಕಡುಗೆಂಪಿನ ಮೇಲೆ ಮೈಲಿ ಎದ್ದ ಹಾಗೆ ಕಾಣುತ್ತದೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಮಬ್ಬು ಬೆಳಕಿನಲ್ಲಿ ಅದೂ ಅಷ್ಟಾಗಿ ತೋರುತ್ತಿರಲಿಲ್ಲ. ಒಂದು ಭಾನುವಾರ ಮಾತ್ರ ತಡೆಯಲಾಗದೆ ಪಾತ್ರೆ ತಿಕ್ಕುವ ಹಸಿರು ನಾರು ತಂದು ಬಾನೆಟ್ಟಿನ ಒಂದು ಮೂಲೆಯನ್ನು ಉಜ್ಜಿದ್ದೆ. ಕಲೆ ಅರ್ಧ ಹೋಯಿತು. ಅದರ ಜೊತೆಗೆ ಆ ಜಾಗದ ಹೊಳಪೂ ಹೋಗಿ, ಬಿಸಿಲಿಗೆ ಹಿಡಿದರೆ ಜೇಡರಬಲೆಯಂಥ ಗೀರುಗಳು ಉಳಿದವು. ಕಾರು ಕೊಂಡು ಮೂರು ವರ್ಷವಾಗಿತ್ತಷ್ಟೆ. ಆ ಗೀರುಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹಿರಿಯೂರಿನ ಅಂಗಳದಲ್ಲಿ ಅಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು ಬಾನೆಟ್ಟಿನ ಮೇಲೆ ಬೆರಳಾಡಿಸಿದಳು. ‘ನಮ್ಮ ಬಚ್ಚಲು ಹಂಡೆ ಇದ್ದ ಹಾಗಿದೆಯಲ್ಲೇ’ ಅಂದಳು.

ಅಮ್ಮ ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಬಯಲುಸೀಮೆಗೆ ಬಂದಾಗ ಅವಳಿಗೆ ಮೊದಲು ಹೊಂದದೇ ಹೋದದ್ದು ಊಟವೂ ಅಲ್ಲ, ಬಿಸಿಲೂ ಅಲ್ಲ, ನೀರು. ‘ನಮ್ಮೂರ ನೀರಿಗೆ ಸೋಪು ಹಚ್ಚಿದರೆ ಹೋಗಲ್ಲ, ಈ ಊರ ನೀರಿಗೆ ಸೋಪು ಹಚ್ಚಿದರೆ ಬರಲ್ಲ’ ಎಂದು ಈಗಲೂ ಹೇಳುತ್ತಾಳೆ. ಬಂದ ಹೊಸತರಲ್ಲಿ ತೊಗರಿಬೇಳೆ ಎಷ್ಟು ಬೇಯಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತಿತ್ತಂತೆ. ಅಡುಗೆ ಬಾರದವಳು ಅಂದುಕೊಂಡಾರು ಎಂದು ಅತ್ತಿದ್ದಳಂತೆ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್ನನ್ನು ನೀರಿನ ಕ್ಯಾಲ್ಸಿಯಂ ಬಿಗಿಮಾಡಿಬಿಡುತ್ತದೆ, ಅದಕ್ಕೇ ಬೇಯುವುದಿಲ್ಲ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಪೆಕ್ಟಿನ್ ಗೊತ್ತಿರಲಿಲ್ಲ. ‘ಇದು ಬೇಳೆ ಬೇಯುವ ನೀರಲ್ಲ ಕಣಮ್ಮ, ಮಳೆ ನೀರು ಹಿಡಿದಿಟ್ಟಿದೀನಿ, ಅದನ್ನ ಹಾಕು’ ಎಂದು ಸೊಸೆಯ ಕಣ್ಣೊರೆಸಿದ್ದಳು.

ಹಂಡೆಯ ನೆನಪು ನನಗೂ ಚೆನ್ನಾಗಿದೆ. ಹೊರಗೆ ಮಸಿ, ಒಳಗೆ ಬೂದು ಬಿಳುಪಿನ ಹಕ್ಕಳೆ. ವರ್ಷಕ್ಕೆ ಒಂದು ಬೆರಳಿನ ಗೆಣ್ಣಿನಷ್ಟು ದಪ್ಪ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡಷ್ಟೂ ಸೌದೆ ಹೆಚ್ಚು ಬೇಕಾಗುತ್ತಿತ್ತು, ಬೆಂಕಿಗೂ ನೀರಿಗೂ ನಡುವೆ ಒಂದು ಕಲ್ಲಿನ ಗೋಡೆ ಎದ್ದ ಹಾಗೆ. ನಾವು ಮಕ್ಕಳು ಕುಡುಗೋಲಿನ ಹಿಡಿಯಿಂದ ಕುಟ್ಟಿ ಎಬ್ಬಿಸಲು ಹೋದರೆ ಅಜ್ಜಿ ಬಿಡುತ್ತಿರಲಿಲ್ಲ. ‘ಕೆರೆದರೆ ತಾಮ್ರ ಸವೀತದೆ, ನೆನೆಸಿದರೆ ಸುಣ್ಣ ತಾನೇ ಬಿಡ್ತದೆ’ ಎನ್ನುತ್ತಿದ್ದಳು. ಹುಳಿ ಬಂದು ಕುಡಿಯಲಾಗದ ಮಜ್ಜಿಗೆಯನ್ನೆಲ್ಲ ಹಂಡೆಗೆ ಸುರಿದು, ಮೇಲಿನ ಭಾಗಕ್ಕೆ ಅದರಲ್ಲೇ ಅದ್ದಿದ ಹಳೇ ಬಟ್ಟೆ ಅಂಟಿಸಿ, ರಾತ್ರಿಯಿಡೀ ಬಿಡುತ್ತಿದ್ದಳು. ಬೆಳಿಗ್ಗೆ ಹಂಡೆಯ ಒಳಗಿಂದ ಸಣ್ಣಗೆ ಚಿರಿಚಿರಿ ಸದ್ದು ಕೇಳುತ್ತಿತ್ತು. ಮಧ್ಯಾಹ್ನಕ್ಕೆ ಚಕ್ಕೆಗಳು ಮೆತ್ತಗಾಗಿ ತೆಂಗಿನ ನಾರಿಗೆ ಬಿಟ್ಟುಕೊಳ್ಳುತ್ತಿದ್ದವು. ಉಳಿದುದಕ್ಕೆ ಮತ್ತೊಂದು ರಾತ್ರಿ.

ಆ ಸದ್ದು ಏನೆಂದು ಈಗ ಗೊತ್ತು. ಮಳೆ ನೀರು ಮಣ್ಣಿಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಒಂದಿಷ್ಟು ಹುಳಿಯಾಗುತ್ತದೆ. ಆ ಹುಳಿ ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕರಗಿಸಿ ಹೊತ್ತುಕೊಳ್ಳುತ್ತದೆ. ಅಂಥ ನೀರನ್ನು ಕಾಯಿಸಿದರೆ, ಅಥವಾ ಒಣಗಲು ಬಿಟ್ಟರೆ, ಅನಿಲ ಹಾರಿಹೋಗಿ ಕಲ್ಲು ಮತ್ತೆ ಕಲ್ಲಾಗಿ ಕೂರುತ್ತದೆ. ಮಜ್ಜಿಗೆಯ ಹುಳಿ ಆ ಕಲ್ಲನ್ನು ಕರಗಿಸುವಾಗ ಅನಿಲ ಗುಳ್ಳೆಗುಳ್ಳೆಯಾಗಿ ಹೊರಗೆ ಬರುತ್ತದೆ. ಚಿರಿಚಿರಿ ಎನ್ನುತ್ತಿದ್ದುದು ಅದು.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂದು ಮಿತಿ ಹಾಕಿದೆ; ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತದೆ. ನಾನೊಂದು ಲೆಕ್ಕ ಹಾಕಿದೆ. 600ರ ನೀರಾದರೆ 20 ಲೀಟರಿನ ಒಂದು ಬಕೆಟ್ಟಿನಲ್ಲಿ 12 ಗ್ರಾಂ ಸುಣ್ಣದ ಕಲ್ಲು ಕರಗಿರುತ್ತದೆ. ತೊಳೆದ ಮೇಲೆ ಕಾರಿನ ಮೈಮೇಲೆ ಕಾಲು ಲೀಟರು ನೀರು ಹನಿಹನಿಯಾಗಿ ಉಳಿದು ಒಣಗಿತು ಅಂದುಕೊಳ್ಳೋಣ. ಒಂದು ಸಲಕ್ಕೆ 150 ಮಿಲಿಗ್ರಾಂ. ವಾರಕ್ಕೆ ಆರು ದಿನದಂತೆ ವರ್ಷವಿಡೀ ತೊಳೆದರೆ ಹತ್ತಿರ ಹತ್ತಿರ 47 ಗ್ರಾಂ. ಕಾರನ್ನು ಶುಚಿ ಮಾಡುತ್ತೇವೆಂದುಕೊಂಡು ವರ್ಷಕ್ಕೆ ಒಂದು ಹಿಡಿ ಸುಣ್ಣವನ್ನು ಅದರ ಮೇಲೆ ತೆಳ್ಳಗೆ ಬಳಿದಂತಾಯಿತು. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಕೊಳವೆಬಾವಿಯ ನೀರು, ಬೇಸಿಗೆಯಲ್ಲಿ ಟ್ಯಾಂಕರಿನದು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಮೂರು ಹಂತಗಳಲ್ಲಿ ಎತ್ತಿ ಊರಿಗೆ ತರುವ ಕಾವೇರಿ ನೀರು ಇದಕ್ಕಿಂತ ಎಷ್ಟೋ ಮೆದು. ಬೆಂಗಳೂರಿನವರು ಬಾಯಿಮಾತಿನಲ್ಲಿ ಒಂದನ್ನು ಉಪ್ಪು ನೀರು, ಇನ್ನೊಂದನ್ನು ಸಿಹಿ ನೀರು ಎಂದು ಬೇರೆ ಮಾಡಿಟ್ಟಿರುವುದು ಸರಿಯಾಗಿಯೇ ಇದೆ.

ಸಣ್ಣ ಉಂಗುರಗಳ ಗುಟ್ಟು ಇಷ್ಟು. ಆದರೆ ಉಂಗುರವೇ ಏಕೆ? ಹನಿ ಕೂತಿದ್ದ ಜಾಗವೆಲ್ಲ ಒಂದೇ ಸಮ ಬೆಳ್ಳಗಾಗಬೇಕಿತ್ತಲ್ಲ. ಇದನ್ನು ಕಾಫಿಯ ಕಲೆಯನ್ನು ಮುಂದಿಟ್ಟುಕೊಂಡು 1997ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಿಡಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ. ಅಂಚಿನಲ್ಲೇ ನೀರು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತಲೇ ಇರುತ್ತದೆ. ಹರಿಯುವಾಗ ತನ್ನಲ್ಲಿರುವುದನ್ನೆಲ್ಲ ಅಲ್ಲಿಗೆ ಸಾಗಿಸುತ್ತದೆ. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಚೆಲ್ಲಿದ ಡಿಕಾಕ್ಷನ್ ಹನಿಯನ್ನು ಒಣಗಲು ಬಿಟ್ಟು ನೋಡಿದೆ. ಅಂಚು ಕಡುಕಂದು, ನಡುವೆ ತೆಳು. ಬಾನೆಟ್ಟಿನ ಮೇಲಿದ್ದದ್ದು ಅದೇ ಬರೆಹ, ಬಣ್ಣ ಮಾತ್ರ ಬೇರೆ.

ದೊಡ್ಡ ಬಿಳಿ ಮಚ್ಚೆಗಳ ಕತೆ ಬೇರೆ. ಅದನ್ನು ಬಿಡಿಸಿ ಹೇಳಿದವನು ನಮ್ಮಲ್ಲಿ ಕಾರು ತೊಳೆಯುವ ಹುಡುಗ, ರಾಯಚೂರು ಕಡೆಯವನು. ಊರಿಂದ ಬಂದವಳೇ ಅವನನ್ನು ಕರೆದು, ಹೀಗೇಕೆ ಆಯಿತೆಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವನು ಬಾನೆಟ್ಟು ನೋಡಲಿಲ್ಲ. ತಲೆಯೆತ್ತಿ ಮೇಲೆ ನೋಡಿದ. ‘ಇದು ನನ್ನ ಬಕೀಟಿನ ನೀರಲ್ರಿ ಅಕ್ಕಾರ. ಮ್ಯಾಲ ನೋಡ್ರಿ.’

ನೆಲಮಾಳಿಗೆಯ ಛಾವಣಿಯಲ್ಲಿ ಒಂದು ಬಿರುಕು. ಅದರ ಉದ್ದಕ್ಕೂ ಬಿಳಿಯ ಸಣ್ಣ ಕೊಳವೆಗಳು ಇಳಿಬಿದ್ದಿದ್ದವು, ಹುಲ್ಲುಕಡ್ಡಿಯಷ್ಟು ಸಣ್ಣವು. ಒಂದರ ತುದಿಯಲ್ಲಿ ಹನಿಯೊಂದು ನೇತಾಡುತ್ತಿತ್ತು. ಅದರ ನೇರ ಕೆಳಗೆ ನನ್ನ ಬಾನೆಟ್ಟಿನ ಎಡಮಗ್ಗುಲು. ಮೂರು ವರ್ಷ ದಿನಕ್ಕೆ ಎರಡು ಸಲ ಆ ಜಾಗಕ್ಕೆ ಬಂದು ಹೋದವಳು ನಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಅವನು ‘ಇರ್ಲಿ ಬಿಡ್ರಿ’ ಅಂದ.

ಛಾವಣಿಯ ಮೇಲೆ ನಮ್ಮ ಕೈತೋಟವಿದೆ. ಗಿಡಗಳಿಗೆ ಹಾಕಿದ ನೀರು ಕಾಂಕ್ರೀಟಿನ ಬಿರುಕಿನಲ್ಲಿ ಇಳಿಯುತ್ತದೆ. ಸಿಮೆಂಟು ಗಟ್ಟಿಯಾಗುವಾಗ ಅದರೊಳಗೆ ಅರಳಿದ ಸುಣ್ಣ ಹುಟ್ಟಿಕೊಂಡಿರುತ್ತದೆ. ಎಲೆಯಡಿಕೆಗೆ ಹಚ್ಚಿಕೊಳ್ಳುತ್ತೇವಲ್ಲ, ರಾಸಾಯನಿಕವಾಗಿ ಅದೇ. ಇಳಿಯುವ ನೀರು ಅದನ್ನು ಕರಗಿಸಿಕೊಂಡು ಬಂದು ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅಲ್ಲೇ ಕಲ್ಲಾಗತೊಡಗುತ್ತದೆ. ಕೊಳವೆಬಾವಿಯ ಹನಿ ಅನಿಲವನ್ನು ಬಿಟ್ಟುಕೊಟ್ಟು ಕಲ್ಲಾಗುತ್ತದೆ, ಛಾವಣಿಯ ಹನಿ ಅನಿಲವನ್ನು ಪಡೆದುಕೊಂಡು ಕಲ್ಲಾಗುತ್ತದೆ. ಎರಡೂ ಕೊನೆಗೆ ಸೇರುವುದು ಒಂದೇ ಕಲ್ಲಿಗೆ. ಇದು ತಿಳಿದ ದಿನ ನನಗಾದ ಸಂತೋಷವನ್ನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ.

ಸುಣ್ಣ ಬಳಿದ ಗೋಡೆಯನ್ನು ನೋಡುತ್ತಾ ಬೆಳೆದವರಿಗೆ ಇದು ಹೊಸದೇನಲ್ಲ. ಹಬ್ಬ ಹತ್ತಿರವಾಗುತ್ತಿದ್ದಂತೆ ಸುಟ್ಟ ಸುಣ್ಣದ ಹರಳುಗಳನ್ನು ಬಾನಿಯಲ್ಲಿ ಹಾಕಿ ನೀರು ಹೊಯ್ದರೆ ಅದು ಕೊತಕೊತ ಕುದಿದು ಅರಳುತ್ತಿತ್ತು. ಹತ್ತಿರ ಬರಬೇಡಿ, ಕಣ್ಣಿಗೆ ಹಾರುತ್ತೆ ಎಂದು ಗದರಿಸುತ್ತಿದ್ದರು. ಬಳಿದಾಗ ಗೋಡೆ ಮಾಸಲಾಗಿಯೇ ಇರುತ್ತಿತ್ತು. ಒಣಗುತ್ತಾ ಒಣಗುತ್ತಾ ಬೆಳ್ಳಗಾಗಿ, ದಿನ ಕಳೆದಂತೆ ಗಟ್ಟಿಯಾಗುತ್ತಿತ್ತು. ನನ್ನ ಕಾರಿಗೆ ಮೂರು ವರ್ಷದಿಂದ ಕಟ್ಟಡವೇ ಒಂದೊಂದು ಹನಿಯಂತೆ ಸುಣ್ಣ ಬಳಿಯುತ್ತಿತ್ತು.

ಈ ಛಾವಣಿ ಹನಿ ಬರೀ ಕಲೆ ಮಾಡುವುದಿಲ್ಲ, ಸುಡುತ್ತದೆ. ಅದು ತೀರ ಕ್ಷಾರ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆ ಬೆಂದುಹೋಗುತ್ತದಲ್ಲ, ಹಾಗೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನೂ ತಿನ್ನುತ್ತದೆ. ಗಾಜಿಗೂ ಕ್ಷಾರ ಆಗಿಬರುವುದಿಲ್ಲ. ಬಹುಕಾಲ ಕೂತರೆ ಮರಳಿನಿಂದಾದ ಗಾಜಿನ ಮೈಯನ್ನೇ ಕರಗಿಸಿ ಮಸುಕು ಮಾಡುತ್ತದೆ. ಆದ್ದರಿಂದ ಇಂಥ ಹನಿ ಬಿದ್ದದ್ದು ಕಂಡರೆ ಅದೇ ದಿನ ತೊಳೆದುಬಿಡಬೇಕು. ಹಸಿಯಾಗಿದ್ದಾಗ ನೀರಿಗೇ ಹೋಗುತ್ತದೆ. ಕಲ್ಲಾದ ಮೇಲೆ ಅದಕ್ಕೆ ಹುಳಿಯೇ ಬೇಕು.

ಊರಿಂದ ಬಂದ ವಾರದಲ್ಲಿ ಕಾರನ್ನು ಶಿವಾಜಿನಗರದ ಒಂದು ಪೇಂಟಿಂಗ್ ಶೆಡ್ಡಿಗೆ ಒಯ್ದೆ. ಅಲ್ಲಿಯ ವಯಸ್ಸಾದ ಮೇಸ್ತ್ರಿ ಯಂತ್ರ ಗಿಂತ್ರ ಏನೂ ಹಿಡಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನ ಉಗುರನ್ನು ಕಲೆಯ ಮೇಲೆ ಹಗುರಾಗಿ ಎಳೆದರು. ‘ಉಗುರು ಹತ್ತಿ ಇಳಿದರೆ ಕಲೆ ಮೇಲಿದೆ ಮೇಡಂ. ಇಳಿದು ಹತ್ತಿದರೆ ಒಳಗೆ ಹೋಗಿದೆ. ನಿಮ್ಮದು ಜಾಸ್ತಿ ಮೇಲಿರೋದೇ.’ ಆಮೇಲೆ ನನ್ನ ಹಸಿರು ನಾರಿನ ಗೀರುಗಳನ್ನು ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, ‘ಕಲೆ ತೆಗೀಬೋದು ಮೇಡಂ. ಪೇಂಟು ವಾಪಸ್ ಹಾಕೋಕಾಗಲ್ಲ’ ಅಂದರು.

ಕಾರ್ಖಾನೆಯಲ್ಲಿ ಹೊಡೆದ ಬಣ್ಣ, ಕೆಳಗಿನ ಪ್ರೈಮರಿನಿಂದ ಹಿಡಿದು ಮೇಲಿನ ಪಾರದರ್ಶಕ ಪದರದವರೆಗೆ ಎಲ್ಲ ಸೇರಿ, ನೋಟುಬುಕ್ಕಿನ ಒಂದು ಹಾಳೆಯಷ್ಟೇ ದಪ್ಪ. ಅದರಲ್ಲಿ ಪಾರದರ್ಶಕ ಪದರ ಸುಮಾರು 40ರಿಂದ 50 ಮೈಕ್ರಾನು, ತಲೆಗೂದಲಿಗಿಂತ ತೆಳು. ಬಿಸಿಲು, ಹಕ್ಕಿಯ ಹಿಕ್ಕೆ, ಮಳೆ, ಸುಣ್ಣ ಎಲ್ಲವನ್ನೂ ತಡೆಯುವುದು ಅದೊಂದೇ. ಪಾಲಿಶ್ ಎಂದರೆ ಆ ಪದರವನ್ನು ಅಷ್ಟಿಷ್ಟು ಅರೆದು ಸಮ ಮಾಡುವುದು. ಪ್ರತಿ ಸಲವೂ ಒಂದೆರಡು ಮೈಕ್ರಾನು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಕಲೆ ಕಂಡ ಕೂಡಲೇ ‘ರಬ್ಬಿಂಗ್ ಮಾಡ್ಸಿ’ ಎನ್ನುವ ಅಂಗಡಿಗಳ ಮಾತು ನನಗೆ ಒಪ್ಪಿಗೆಯಿಲ್ಲ. ಮೊದಲು ಹುಳಿಯಲ್ಲಿ ನೆನೆಸಿ ನೋಡಬೇಕು. ಅರೆಯುವುದು ಕೊನೆಯ ಮಾತು.

ಕೆಲಸಕ್ಕೆ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಕೂತೆ. ಬಾನೆಟ್ಟು ಕೈಗೆ ತಣ್ಣಗಿರಬೇಕು, ನೆರಳಿರಬೇಕು. ಬಿಸಿ ತಗಡಿನ ಮೇಲೆ ಹುಳಿ ಒಣಗಿದರೆ ಅದೇ ಇನ್ನೊಂದು ಕಲೆ. ಮೊದಲು ಶಾಂಪೂ ಹಾಕಿ ದೂಳೆಲ್ಲ ತೊಳೆದೆ, ಏಕೆಂದರೆ ದೂಳಿನ ಮೇಲೆ ಬಟ್ಟೆ ಎಳೆಯುವುದು ಮರಳುಕಾಗದ ಎಳೆದ ಹಾಗೆಯೇ. ದಿನಸಿ ಅಂಗಡಿಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿದೆ. ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಹಚ್ಚಿ ಬಣ್ಣಕ್ಕೆ ಏನೂ ಆಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ ಕಲೆಗಳ ಮೇಲೆ ಹಾಸಿದೆ. ಎರಡು ಮೂರು ನಿಮಿಷ ಬಿಟ್ಟು, ಉಜ್ಜದೆ ಹಗುರಾಗಿ ಎಳೆದು ತೆಗೆದು, ಒಣಗುವ ಮೊದಲೇ ತೊಳೆಯುವುದು. ಮತ್ತೆ ಅದ್ದುವುದು, ಹಾಸುವುದು. ದೊಡ್ಡ ಮಚ್ಚೆಗಳಿಗೆ ಕಿವಿ ಕೊಟ್ಟರೆ ಸದ್ದೇನೂ ಕೇಳಲಿಲ್ಲ, ಆದರೆ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುವುದು ಕಂಡಿತು. ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಅಜ್ಜಿಯ ಬೆನ್ನು ನೆನಪಾಯಿತು. ಆರೇಳು ಸಲಕ್ಕೆ ಸಣ್ಣ ಉಂಗುರಗಳು ಹೆಚ್ಚುಕಡಿಮೆ ಎಲ್ಲ ಹೋದವು. ಮಚ್ಚೆಗಳಿಗೆ ಮಧ್ಯಾಹ್ನದವರೆಗೆ ಹಿಡಿಯಿತು.

ವಿನೆಗರು ಇಲ್ಲದಿದ್ದರೆ ನಿಂಬೆ ಉಪ್ಪನ್ನು ನೀರಿನಲ್ಲಿ ತೆಳುವಾಗಿ ಕದಡಿಕೊಂಡರೂ ಆಗುತ್ತದೆ. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಒಳ್ಳೆಯದು. ಸುಣ್ಣಕ್ಕೆ ಅಷ್ಟು ಸಾಲದು, ಅದರ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಇನ್ನೊಂದು ಉಪ್ಪಾಗಿ ಕೂರುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಮಾತ್ರ ಯಾರೂ ಕಾರಿನ ಹತ್ತಿರ ತರಬಾರದು. ಕಲೆ ಹೋಗುತ್ತದೆ, ನಿಜ. ಜೊತೆಗೆ ಕ್ರೋಮ್ ಪಟ್ಟಿ ಕಪ್ಪಾಗುತ್ತದೆ, ಅಲ್ಯೂಮಿನಿಯಂ ತಿಂದುಹೋಗುತ್ತದೆ, ತೊಳೆಯುವವರ ಕೈಯೂ ಎದೆಯೂ ಉರಿಯುತ್ತವೆ. ಟೂತ್‌ಪೇಸ್ಟು ಹಚ್ಚಿ ಉಜ್ಜಿ ಎಂದು ನನಗೆ ಹೇಳಿದವರು ಕಡಿಮೆಯಿಲ್ಲ. ಎಷ್ಟೋ ಟೂತ್‌ಪೇಸ್ಟುಗಳಲ್ಲಿ ಅರೆಯುವ ಪುಡಿಯಾಗಿ ಹಾಕಿರುವುದು ಕ್ಯಾಲ್ಸಿಯಂ ಕಾರ್ಬೊನೇಟನ್ನೇ. ಸುಣ್ಣದ ಕಲ್ಲನ್ನು ತೆಗೆಯಲು ಸುಣ್ಣದ ಕಲ್ಲಿನಿಂದ ಬಣ್ಣವನ್ನು ತಿಕ್ಕಿದಂತಾಗುತ್ತದೆ. ಬಿಸಿಲಿನಲ್ಲಿ ಹನಿ ಭೂತಗನ್ನಡಿಯಾಗಿ ಬಣ್ಣ ಸುಡುತ್ತದೆ ಎಂಬುದೂ ಬಹಳ ಜನ ನಂಬಿರುವ ಮಾತು. ತಗಡಿಗೆ ಅಂಟಿಕೊಂಡು ಕೂತ ಹನಿಗೆ ಬೆಳಕನ್ನು ಅಷ್ಟು ಹತ್ತಿರದಲ್ಲಿ ಒಂದು ಬಿಂದುವಿಗೆ ಕೂಡಿಸುವ ಶಕ್ತಿಯಿಲ್ಲ. ಬಿಸಿಲು ಮಾಡುವ ಕೇಡು ಬೇರೆ: ಹನಿಯನ್ನು ಬೇಗ ಆರಿಸಿ, ಉಳಿದ ಉಪ್ಪನ್ನು ಗಾಢ ಮಾಡಿ, ಕಾದ ಬಣ್ಣದೊಳಕ್ಕೆ ಕಚ್ಚಿಸುತ್ತದೆ.

ವಿನೆಗರಿನ ಮೇಲೆ ಕ್ಲೇ. ಅದೊಂದು ಜೇಡಿಮಣ್ಣಿನಂಥ ಉಂಡೆ. ಚಪಾತಿ ಹಿಟ್ಟಿನಂತೆ ನಾದಿ, ತಟ್ಟಿ, ಸೋಪಿನ ನೀರು ಚಿಮುಕಿಸಿದ ಬಣ್ಣದ ಮೇಲೆ ಹಗುರಾಗಿ ಜಾರಿಸಬೇಕು. ಮೊದಲು ಗರಗರ ಎನ್ನುತ್ತದೆ. ಗರಗರ ನಿಂತ ಕಡೆ ಬಣ್ಣ ನುಣುಪಾಗಿದೆ ಎಂದರ್ಥ. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುವ ಕೆಲಸ ಇದು. ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈಹಾಕಿ ಸವರಿ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಗಾಜು ನನ್ನ ಭಯ ಹುಟ್ಟಿದ ಜಾಗ. ಅಲ್ಲಿಗೆ ನೀರು ಬೆರೆಸದ ವಿನೆಗರನ್ನೇ ಬಟ್ಟೆಗೆ ಹಾಕಿ ಅರ್ಧ ಗಂಟೆ ಹಾಸಿದೆ, ಒಣಗದಂತೆ ನಡುನಡುವೆ ಚಿಮುಕಿಸುತ್ತಾ, ಕೆಳಗಿನ ಬಣ್ಣಕ್ಕೆ ಸೋರದಂತೆ ಒಂದು ಟವೆಲು ಒಡ್ಡಿ. ಸುಣ್ಣ ಹೋಯಿತು. ಆದರೂ ಟಾರ್ಚು ಹಿಡಿದರೆ ಅಲ್ಲಲ್ಲಿ ತೆಳ್ಳನೆ ಪೊರೆ. ಅದು ಸಿಲಿಕಾ. ಕೊಳವೆಬಾವಿ ನೀರಿನಲ್ಲಿ ಸುಣ್ಣದ ಜೊತೆ ಅದೂ ಇರುತ್ತದೆ, ಗಾಜಿನ ಜಾತಿಯದೇ ಆದ್ದರಿಂದ ವಿನೆಗರಿಗೂ ನಿಂಬೆಗೂ ಜಗ್ಗುವುದಿಲ್ಲ. ಅದಕ್ಕೆ ಸೀರಿಯಂ ಆಕ್ಸೈಡ್ ಪುಡಿ. ಕನ್ನಡಕದ ಗಾಜು, ಕನ್ನಡಿಗಳನ್ನು ಮೆರುಗುಗೊಳಿಸುವವರು ಬಳಸುವ ನಯವಾದ ಪುಡಿ ಅದು. ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಉಣ್ಣೆಯ ಫೆಲ್ಟ್ ತುಂಡಿನಲ್ಲಿ ಒಂದಂಗೈ ಅಗಲದಷ್ಟು ಜಾಗ ಹಿಡಿದು ಸುತ್ತು ಸುತ್ತಾಗಿ ತಿಕ್ಕಬೇಕು. ಒಣಗಲು ಬಿಡಬಾರದು, ಒಂದೇ ಕಡೆ ಒತ್ತಬಾರದು. ಗಾಜು ಕಾಯುತ್ತದೆ, ತಗ್ಗು ಬಿದ್ದರೆ ರಸ್ತೆಯೇ ಡೊಂಕಾಗಿ ಕಾಣುತ್ತದೆ. ಭಾನುವಾರವಿಡೀ ಅದಕ್ಕೇ ಹೋಯಿತು. ಭುಜ ಎರಡು ದಿನ ನೋಯಿತು. ಕಾರು ತೊಳೆಯುವ ಹುಡುಗ ತನ್ನ ಕೆಲಸ ಮುಗಿಸಿ ಬಂದವನು ಇನ್ನೊಂದು ಫೆಲ್ಟ್ ತುಂಡು ತೆಗೆದುಕೊಂಡು ಬಲಗಡೆಯಿಂದ ಶುರು ಮಾಡಿದ. ಬೇಡವೆಂದರೂ ಕೇಳಲಿಲ್ಲ. ಅವನ ಊರಿನ ಸವಳು ನೀರಿನ ಬಗ್ಗೆ, ಅವನ ತಾಯಿ ಬೇಳೆಗೆ ಹಾಕುವ ಚಿಟಿಕೆ ಸೋಡಾದ ಬಗ್ಗೆ ಮಾತಾಡುತ್ತಾ ಇಬ್ಬರೂ ಗಾಜಿನ ನಡುವೆ ಬಂದು ಸೇರಿದೆವು.

ಸೋರಿಕೆಯ ವಿಷಯಕ್ಕೆ ಸಂಘದ ಸಭೆಯಲ್ಲಿ ಮೂರು ಸಲ ಎದ್ದು ನಿಂತೆ. ಛಾವಣಿಯ ಮೇಲಿನ ಮಣ್ಣು ತೆಗೆಸಿ ವಾಟರ್‌ಪ್ರೂಫಿಂಗ್ ಮಾಡಿಸಲು ದೊಡ್ಡ ದುಡ್ಡು ಬೇಕು, ಅದಿನ್ನೂ ಆಗಿಲ್ಲ. ಆಗಲೇಬೇಕು, ಬಿರುಕಿನಲ್ಲಿ ಇಳಿಯುವ ನೀರು ಕಾರಿನ ಬಣ್ಣವನ್ನಷ್ಟೇ ಅಲ್ಲ, ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ, ಅಷ್ಟೂ ಮನೆಗಳ ಭಾರ ಹೊತ್ತಿರುವುದು ಆ ಕಬ್ಬಿಣ. ಸದ್ಯಕ್ಕೆ ಬಿರುಕಿನ ಕೆಳಗೆ ಉದ್ದಕ್ಕೂ ಒಂದು ತಗಡಿನ ದೋಣಿ ಕಟ್ಟಿಸಿ, ಪೈಪಿನಲ್ಲಿ ಮೋರಿಗೆ ಬಿಟ್ಟಿದ್ದಾರೆ. ಕಾರಿನ ಬಾಗಿಲು ಹಾಕಿ ಒಂದು ನಿಮಿಷ ನಿಂತರೆ ಟಪ್ ಎಂದು ತಗಡಿಗೆ ಹನಿ ಬೀಳುವುದು ಕೇಳುತ್ತದೆ.

ತೊಳೆಯುವ ಕ್ರಮವೂ ಬದಲಾಯಿತು. 2024ರ ಮಾರ್ಚಿನಲ್ಲಿ ಊರಿಗೇ ನೀರಿಲ್ಲದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಸರಿಯಾದ ಆದೇಶ. ಒಂದು ಬೀದಿಯವರು ಕೊಡ ಹಿಡಿದು ಟ್ಯಾಂಕರಿಗೆ ಕಾಯುವಾಗ ಇನ್ನೊಂದು ಬೀದಿಯಲ್ಲಿ ಪೈಪು ಬಿಟ್ಟು ಕಾರು ತೊಳೆಯುವುದನ್ನು ನೋಡಲಾಗುವುದಿಲ್ಲ. ನಮ್ಮಲ್ಲಿ ದಿನಾ ತೊಳೆಯುವುದನ್ನು ನಿಲ್ಲಿಸಿದ್ದೇವೆ. ಹತ್ತು ದಿನಕ್ಕೊಮ್ಮೆ ಒಂದು ಬಕೆಟ್ಟು ಸಾಕು, ಒಂದೊಂದು ಭಾಗ ತೊಳೆದ ಕೂಡಲೇ ಒರೆಸಿಬಿಟ್ಟರೆ. ಕೊನೆಯ ಎರಡು ಚೊಂಬು ಮಾತ್ರ ಮಳೆ ನೀರು. ಮಳೆಯಿಲ್ಲದಾಗ ಮಲಗುವ ಕೋಣೆಯ ಏಸಿ ಪೈಪಿನ ಕೆಳಗೆ ಇಟ್ಟ ಬಕೆಟ್ಟಿನದು. ಗಾಳಿಯ ತೇವ ತಣಿದು ಹನಿಯಾದ ನೀರು, ಅದರಲ್ಲಿ ಕಲ್ಲಿಲ್ಲ. ಆ ನೀರು ಒಣಗಿದ ಕಡೆ ಗಾಜಿನ ಮೇಲೆ ಹೆಸರಿಗೂ ಒಂದು ಉಂಗುರ ಕಾಣುವುದಿಲ್ಲ.

ಬಾನೆಟ್ಟಿನ ಎಡಮೂಲೆಯಲ್ಲಿ ಮೂರು ಗುರುತು ಉಳಿದಿವೆ. ಉಗುರು ಎಳೆದರೆ ಇಳಿದು ಹತ್ತುತ್ತದೆ. ಹಸಿರು ನಾರಿನ ಗೀರುಗಳಲ್ಲಿ ಹಗುರವಾದವನ್ನು ಮೇಸ್ತ್ರಿ ಪಾಲಿಶ್‌ನಲ್ಲಿ ತೆಗೆದರು, ಆಳದವನ್ನು ಮುಟ್ಟಲಿಲ್ಲ. ‘ಇನ್ನೂ ತೆಗೀಬೇಕಂದ್ರೆ ಪದರ ಉಳಿಯಲ್ಲ ಮೇಡಂ, ಇರಲಿ ಬಿಡಿ’ ಅಂದರು. ಬಿಟ್ಟಿದ್ದೇನೆ.

ದೀಪಾವಳಿ ಮುಗಿಸಿಕೊಂಡು ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬರುವಾಗ ನಸುಕಿನಲ್ಲೇ ಹಿರಿಯೂರು ಬಿಟ್ಟೆವು. ಆ ದಿಕ್ಕಿಗೆ ಬೆಳಗಿನ ಬಿಸಿಲು ಎದುರು. ಶಿರಾ ಇನ್ನೂ ಮುಂದಿರುವಾಗ ಸೂರ್ಯ ಮೇಲೆದ್ದು ಗಾಜಿಗೆ ಬಂತು. ನಾನು ಉಸಿರು ಬಿಗಿಹಿಡಿದು ಕಾದೆ. ಏನೂ ಹೊತ್ತಿಕೊಳ್ಳಲಿಲ್ಲ. ಡಾಂಬರು, ನಡುವಿನ ಕಣಗಿಲೆ ಸಾಲು, ಬದಿಯ ಹೊಲದಲ್ಲಿ ಕಿತ್ತು ಗುಡ್ಡೆ ಹಾಕಿದ ಕಡಲೆಕಾಯಿ ಬಳ್ಳಿ, ಎಲ್ಲ ಇದ್ದ ಜಾಗದಲ್ಲಿ ಇದ್ದ ಹಾಗೆ ಕಂಡವು. ಅಮ್ಮ ನನ್ನ ತೋಳು ಮುಟ್ಟಿ, ‘ಕುರಿ ಕಣೇ, ದಾಟ್ತಾ ಇವೆ’ ಅಂದಳು. ನನಗೂ ಕಂಡಿದ್ದವು. ನನ್ನ ಕಾಲು ಆಗಲೇ ಬ್ರೇಕಿನ ಮೇಲಿತ್ತು.